ಪಟ್ಟಿ ಓದಲಿಕ್ಕೆ ಬಾರದ ಕಾಮರ್ಸು: ಶಾಲಾ ಶಿಕ್ಷಣ ಇಲಾಖೆಗೆ ಗಂಜಿನ ಗುಮಾಸ್ತನ ಬಹಿರಂಗ ಪತ್ರ

ಗೆ,
ಅಪರ ಆಯುಕ್ತರು,
ಶಾಲಾ ಶಿಕ್ಷಣ ಇಲಾಖೆ,
ಕಲಬುರಗಿ

ವಿಷಯ: ಮನೆಗೆ ಬರುವ ಹಣದ ಕಾಗದಗಳನ್ನು ಓದಲು ಮಕ್ಕಳಿಗೆ ಶಾಲೆಯಲ್ಲೇ ಕಲಿಸುವ ಬಗ್ಗೆ

ಮಾನ್ಯರೇ,

ನಾನು ಕಲಬುರಗಿಯ ನೆಹರು ಗಂಜಿನ, ಅಂದರೆ ಕಾಳುಕಡಿ ಮಾರುಕಟ್ಟೆಯ, ಒಂದು ಅಡತ್ (ದಲಾಲಿ) ಅಂಗಡಿಯಲ್ಲಿ ಇಪ್ಪತ್ತೊಂಬತ್ತು ವರ್ಷ ಕಿರ್ದಿ, ಖತಾವಣಿ ಅನ್ನೋ ಲೆಕ್ಕದ ಪುಸ್ತಕ ಬರೆದವನು. ಮೇಷ್ಟರಲ್ಲ. ಬಿ.ಕಾಂ. ಎರಡನೇ ವರ್ಷಕ್ಕೇ ಬಿಟ್ಟವನು. ಪಾಠ ಹೇಗೆ ಮಾಡಬೇಕು ಅಂತ ನಿಮಗೆ ಹೇಳುವ ಯೋಗ್ಯತೆ ನನಗಿಲ್ಲ. ಆದರೆ ನೀವು ಪಾಸು ಮಾಡಿ ಕಳಿಸಿದ ಹುಡುಗರು ಅಪ್ಪನ ಜೊತೆ ಬಂದು ನಮ್ಮ ಕಟ್ಟೆ ಮೇಲೆ ಕೂತಾಗ ಏನಾಗುತ್ತದೆ ಅನ್ನೋದನ್ನು ನೀವು ನೋಡಿರಲಿಕ್ಕಿಲ್ಲ, ನಾನು ನೋಡಿದ್ದೇನೆ. ಅದಕ್ಕೇ ಈ ಪತ್ರ.

2025ರ ಜನವರಿ, ತೊಗರಿ ಸುಗ್ಗಿ. ಸೇಡಂ ಕಡೆಯ ರೈತರೊಬ್ಬರು ಮಾಲು ತಂದಿದ್ದರು. ಜೊತೆಗೆ ಮಗ. ದ್ವಿತೀಯ ಪಿಯು ಕಾಮರ್ಸು. ಅಕೌಂಟೆನ್ಸಿಯಲ್ಲಿ ಮೊದಲ ವರ್ಷ 91 ಬಂದಿದೆ ಅಂತ ಅಪ್ಪ ನಾಲ್ಕು ಸಲ ಹೇಳಿದರು. ತೂಕ ಆಯಿತು, ಟೆಂಡರ್ ಆಯಿತು, ನಾನು ಪಟ್ಟಿ, ಅಂದರೆ ಮಾಲು ಮಾರಿದ ಲೆಕ್ಕದ ಚೀಟಿ, ಬರೆದು ಹುಡುಗನ ಕೈಗೆ ಕೊಟ್ಟೆ. ಅವನು ಕಾಗದದ ಕೊನೇ ಸಾಲು ನೋಡಿದ, ನೋಟು ಎಣಿಸಿದ, ಜೇಬಿಗೆ ಇಟ್ಟ.

ಆ ಪಟ್ಟಿಯಲ್ಲಿ ಇದ್ದದ್ದು ಇಷ್ಟು. ತೊಗರಿ 9 ಕ್ವಿಂಟಲ್ 40 ಕೆಜಿ. ದರ 7,200. ಒಟ್ಟು 67,680. ಅದರಲ್ಲಿ ಹಮಾಲಿ, ತೂಕ, ಇತರೆ 480. ಜೂನ್ ತಿಂಗಳಲ್ಲಿ ಬೀಜ ಗೊಬ್ಬರಕ್ಕೆ ಒಯ್ದ ಉಚಲು (ಮುಂಗಡ ಸಾಲ) 30,000. ಉಚಲಿನ ಬಡ್ಡಿ ಏಳು ತಿಂಗಳಿಗೆ 4,200. ಕೈಗೆ ಬಂದದ್ದು 33,000.

ನಾನು ಕೇಳಿದೆ: "ತಮ್ಮ, ಬಡ್ಡಿ ಎಷ್ಟರಂಗ ಹಿಡದೀವಿ ಹೇಳು ನೋಡೋಣ?"

"ಎರಡು ರೂಪಾಯಿ ಅಲ್ರಿ ಕಾಕಾ. ಎರಡು ಪರ್ಸೆಂಟು."

"ವರ್ಷಕ್ಕ?"

ಹುಡುಗ ಅಪ್ಪನ ಮುಖ ನೋಡಿದ. ಅಪ್ಪ ಚೀಲ ಮಡಚುತ್ತ ನಿಂತಿದ್ದರು. ಮೂರು ಮಾತು ಮುಂದೆ ಹೋದ ಮೇಲೆ ಅವನಿಗೇ ಹೊಳೆಯಿತು. ತಿಂಗಳಿಗೆ ನೂರಕ್ಕೆ ಎರಡು ಅಂದರೆ ವರ್ಷಕ್ಕೆ ಇಪ್ಪತ್ನಾಲ್ಕು. ಅದೇ 30,000 ರೂಪಾಯಿಯನ್ನು ಕಿಸಾನ್ ಕ್ರೆಡಿಟ್ ಕಾರ್ಡಿನಲ್ಲಿ ತೆಗೆದು ವಾಯಿದೆಗೆ ಸರಿಯಾಗಿ ಕಟ್ಟಿದ್ದರೆ ನೂರಕ್ಕೆ ನಾಲ್ಕು, ವರ್ಷಕ್ಕೆ. ಏಳು ತಿಂಗಳಿಗೆ 700 ರೂಪಾಯಿ. 4,200 ಎಲ್ಲಿ, 700 ಎಲ್ಲಿ. ಹುಡುಗ ಬೆರಳು ಮಡಚಿ ಲೆಕ್ಕ ಹಾಕಿ, ಆಮೇಲೆ ಮೊಬೈಲಿನಲ್ಲೂ ಹಾಕಿ, ಸುಮ್ಮನೆ ಕೂತ.

ಅಡತ್ತಿನವರನ್ನು ಬೈಯಲಿಕ್ಕೆ ಇದನ್ನು ಬರೆಯುತ್ತಿಲ್ಲ. ಅವರ ಉಪ್ಪು ತಿಂದಿದ್ದೇನೆ. ಜೂನ್ ತಿಂಗಳ ಮಳೆ ಬಿದ್ದ ದಿನ ರಾತ್ರಿ ಎಂಟಕ್ಕೆ ಬಂದು ಕೇಳಿದರೂ ಕಾಗದ ಪತ್ರ ಇಲ್ಲದೆ ದುಡ್ಡು ಕೊಡುವವರು ಅವರೊಬ್ಬರೇ. ಆ ಅಪ್ಪನಿಗೆ ಬ್ಯಾಂಕಿನಲ್ಲಿ ಹಳೇ ಸಾಲ ಸುಸ್ತಿ ಆಗಿತ್ತು, ಹೊಸದು ಹುಟ್ಟುತ್ತಿರಲಿಲ್ಲ. ಬೆಂಬಲ ಬೆಲೆ ಆಗ 7,550 ಇತ್ತು. ಆದರೆ ಖರೀದಿ ಕೇಂದ್ರದಲ್ಲಿ ಹೆಸರು ನೋಂದಾಯಿಸಬೇಕು, ಸರದಿ ಕಾಯಬೇಕು, ದುಡ್ಡು ಖಾತೆಗೆ ಬರುವ ತನಕ ತಾಳಬೇಕು. ಉಚಲು ಕೊಟ್ಟ ಅಂಗಡಿ ಅಷ್ಟು ದಿನ ತಾಳುತ್ತದೆಯೇ? ಕೈಯಲ್ಲಿ ರೊಕ್ಕ ಇಲ್ಲದವನಿಗೆ ಸಮಯವೂ ತುಟ್ಟಿ. ಇದೆಲ್ಲ ಅರ್ಥಶಾಸ್ತ್ರವೇ. ಆದರೆ 91 ತೆಗೆದ ಹುಡುಗನಿಗೆ ತನ್ನ ಪುಸ್ತಕಕ್ಕೂ ಈ ಕಾಗದಕ್ಕೂ ಸಂಬಂಧ ಇದೆ ಅಂತಲೇ ಗೊತ್ತಿರಲಿಲ್ಲ. ಕರ್ನಾಟಕದ ಎಪಿಎಂಸಿ (ಕೃಷಿ ಮಾರುಕಟ್ಟೆ) ನಿಯಮದಲ್ಲಿ ಅಡತ್ ಕಮಿಷನ್ನು ಖರೀದಿದಾರ ಕೊಡಬೇಕು, ರೈತನ ಪಟ್ಟಿಯಲ್ಲಿ ಮುರಿಯುವಂತಿಲ್ಲ ಅನ್ನೋದು ಅವನಿಗೂ ಗೊತ್ತಿಲ್ಲ, ಅವನ ಮೇಷ್ಟರಿಗೂ ಗೊತ್ತಿರಲಿಕ್ಕಿಲ್ಲ.

ಮಾನ್ಯರೇ, ನಮ್ಮ ಕಡೆ ಹಳ್ಳಿ ಮನೆಗಳಲ್ಲಿ ಕಾಗದ ಓದುವವರು ಮಕ್ಕಳೇ. ಬ್ಯಾಂಕಿನಿಂದ ನೋಟಿಸು ಬಂದರೆ, ಸಂಘದ ಕಂತಿನ ಕಾರ್ಡು ಬಂದರೆ, ಮೊಬೈಲಿಗೆ ಮೆಸೇಜು ಬಂದರೆ "ಏ ಇಲ್ಲಿ ಬಾ, ಏನ್ ಬರ್ದಾರ ಓದು" ಅಂತ ಕೂಗುವುದು ಎಂಟನೇ ಕ್ಲಾಸಿನ ಮಗಳನ್ನು, ಹತ್ತನೇ ಕ್ಲಾಸಿನ ಮಗನನ್ನು. ಆ ಮಗು ಅಕ್ಷರ ಓದುತ್ತದೆ. ಕಾಗದ ಓದುವುದಿಲ್ಲ. ಕಲಬುರಗಿ, ಬೀದರ, ಯಾದಗಿರಿ ಜಿಲ್ಲೆಗಳ ಸಾವಿರಾರು ಮನೆಗಳ ಲೆಕ್ಕ ನೋಡುವ ಮುನೀಮರು ನಿಮ್ಮ ಶಾಲೆಯ ಬೆಂಚಿನ ಮೇಲೇ ಕೂತಿದ್ದಾರೆ, ಅವರಿಗೆ ಆ ಕೆಲಸ ಕಲಿಸಿ ಅಂತ ಕೇಳುತ್ತಿದ್ದೇನೆ, ಇಷ್ಟೇ.

ಪುಸ್ತಕದಲ್ಲಿ ಇದು ಇಲ್ಲವೇ ಅಂತ ನೀವು ಕೇಳಬಹುದು. ಇದೆ. ನಾನು ನೋಡಿದ್ದೇನೆ. ಒಂಬತ್ತನೇ ತರಗತಿಯ ಸಮಾಜ ವಿಜ್ಞಾನದಲ್ಲಿ ಹಣಕಾಸು ನಿರ್ವಹಣೆ ಇದೆ, ಲೆಕ್ಕಶಾಸ್ತ್ರ ಇದೆ. ಹತ್ತನೇ ತರಗತಿಯಲ್ಲಿ ಬ್ಯಾಂಕ್ ವ್ಯವಹಾರ, ಉದ್ಯಮಗಾರಿಕೆ, ಗ್ರಾಹಕ ರಕ್ಷಣೆ ಇದೆ. ಬರೆದವರು ತಿಳಿದೇ ಬರೆದಿದ್ದಾರೆ. ಆದರೆ ಪರೀಕ್ಷೆಗೆ ಬರುವ ಪ್ರಶ್ನೆ ಏನು? ಬ್ಯಾಂಕ್ ಖಾತೆಯ ವಿಧಗಳು ಯಾವುವು. ಉಳಿತಾಯ, ಚಾಲ್ತಿ, ಆವರ್ತ ಠೇವಣಿ, ನಿಶ್ಚಿತ ಠೇವಣಿ ಅಂತ ಮಗು ಒಂದೇ ಉಸಿರಿನಲ್ಲಿ ಹೇಳುತ್ತದೆ. ಅವ್ವನ ಪಾಸ್‌ಬುಕ್ಕು ಕೈಗೆ ಕೊಟ್ಟು ಇದು ಯಾವ ವಿಧ ಅಂತ ಕೇಳಿ ನೋಡಿ.

ಆ ಪಾಸ್‌ಬುಕ್ಕಿನಲ್ಲೇ ವರ್ಷಕ್ಕೊಮ್ಮೆ 20 ರೂಪಾಯಿ ಕಟ್ ಆದ ಒಂದು ಸಾಲು ಇರುತ್ತದೆ. ಇನ್ನೊಂದು ಕಡೆ 436 ರೂಪಾಯಿ. ಮೊದಲನೆಯದು ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ, ಅಪಘಾತಕ್ಕೆ 2 ಲಕ್ಷದ ವಿಮೆ. ಎರಡನೆಯದು ಜೀವನ ಜ್ಯೋತಿ, ಯಾವ ಕಾರಣಕ್ಕೆ ಸತ್ತರೂ 2 ಲಕ್ಷ. ಸಹಿ ಹಾಕಿದವರಿಗೆ ಸಹಿ ಹಾಕಿದ್ದು ನೆನಪಿರುವುದಿಲ್ಲ. "ಬ್ಯಾಂಕಿನವರು ಸುಳ್ಳೇ ರೊಕ್ಕ ಮುರೀತಾರ" ಅಂತ ಬೈದುಕೊಂಡು ಬಿಡುತ್ತಾರೆ. ನಮ್ಮ ಗಂಜಿನ ಹಮಾಲರೊಬ್ಬರು ಲಾರಿಯಿಂದ ಬಿದ್ದು ತೀರಿಕೊಂಡಾಗ ಅವರ ಮನೆಯವರು ಪಾಸ್‌ಬುಕ್ಕು ತಂದದ್ದು ಖಾತೆಯಲ್ಲಿ ಎಷ್ಟು ಉಳಿದಿದೆ ಅಂತ ಕೇಳಲಿಕ್ಕೆ. ಉಳಿದದ್ದು ನೂರಾ ಚಿಲ್ಲರೆ. ಮೇಲಿನ ಪುಟದಲ್ಲಿ ಆ 20 ರೂಪಾಯಿಯ ಸಾಲು ಇತ್ತು. ಒಂಬತ್ತನೇ ಕ್ಲಾಸಿನ ಮಗ ಆ ಪುಟವನ್ನು ಹತ್ತು ಸಲ ತಿರುವಿದ್ದನಂತೆ.

ಇನ್ನು ಬಡ್ಡಿಯ ಮಾತಿಗೆ ಬರುತ್ತೇನೆ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಯಾಕೆಂದರೆ ಮೋಸ ಆಗುವುದು ಲೆಕ್ಕ ಬಾರದೆ ಅಲ್ಲ, ಅರ್ಧ ಲೆಕ್ಕ ಬಂದು.

ನನ್ನ ತಂಗಿಯ ಮನೆ ಶಹಾಪುರದ ಹತ್ತಿರದ ಹಳ್ಳಿ. ಅವಳ ಮಗಳು ಎಂಟನೇ ಕ್ಲಾಸು. ಊರಿನ ಹನ್ನೆರಡು ಹೆಣ್ಣುಮಕ್ಕಳ ಸ್ವಸಹಾಯ ಸಂಘದ ಪುಸ್ತಕ ಬರೆಯುವವಳು ಅವಳೇ, ದೊಡ್ಡವರಲ್ಲಿ ಯಾರಿಗೂ ಅಂಕಿ ಸಾಲಾಗಿ ಕೂರುವುದಿಲ್ಲ. ಅವಳ ಅಣ್ಣನಿಗೆ ಬೈಕ್ ಸಾಲ ಬೇಕಿತ್ತು. ಫೈನಾನ್ಸಿನವರು ಚೀಟಿ ಮೇಲೆ ಬರೆದು ಕೊಟ್ಟಿದ್ದರು: 50,000, ಬಡ್ಡಿ 12, 24 ತಿಂಗಳು, ಕಂತು 2,583. ಹುಡುಗಿ ತನ್ನ ಗಣಿತದ ಸೂತ್ರ ಹಾಕಿದಳು. ಐವತ್ತು ಸಾವಿರಕ್ಕೆ ನೂರಕ್ಕೆ ಹನ್ನೆರಡರಂತೆ ಎರಡು ವರ್ಷಕ್ಕೆ 12,000. ಅಸಲು ಕೂಡಿದರೆ 62,000. ಭಾಗಿಸು 24. ಬರೋಬ್ಬರಿ 2,583.

"ಲೆಕ್ಕ ಸರಿ ಅದ ಮಾಮಾ" ಅಂದಳು.

ಲೆಕ್ಕ ಸರಿಯೇ ಇತ್ತು. ನಾನು ಕೇಳಿದೆ: "ಅವ್ವ, ಒಂದು ವರ್ಷ ಕಂತು ಕಟ್ಟಿದ ಮ್ಯಾಲ ನಿಮ್ಮ ಅಣ್ಣನ ಹತ್ತಿರ ಅವರ ಐವತ್ತು ಸಾವಿರ ಪೂರ್ತಿ ಇರ್ತದೇನು?" ಇಲ್ಲ, ಹತ್ತಿರ ಹತ್ತಿರ ಅರ್ಧ ತೀರಿರುತ್ತದೆ. "ಮತ್ತ ಬಡ್ಡಿ ಯಾವುದರ ಮ್ಯಾಲ ಹಾಕ್ಯಾರ?" ಪೂರ್ತಿ ಐವತ್ತು ಸಾವಿರದ ಮೇಲೆ, ಕೊನೇ ತಿಂಗಳ ತನಕ. ಇದಕ್ಕೆ ಫ್ಲಾಟ್ ಬಡ್ಡಿ ಅನ್ನುತ್ತಾರೆ. ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಹಾಕಿ ಲೆಕ್ಕ ತೆಗೆದರೆ ಅದೇ ಕಂತಿನ ನಿಜವಾದ ದರ ವರ್ಷಕ್ಕೆ ನೂರಕ್ಕೆ 21 ದಾಟಿ 22ರ ಹತ್ತಿರ ಹೋಗುತ್ತದೆ. ಹನ್ನೆರಡು ಅಂತ ಹೇಳಿದ್ದೂ ಸುಳ್ಳಲ್ಲ, ಇಪ್ಪತ್ತೊಂದೂವರೆ ಅನ್ನುವುದೂ ಸುಳ್ಳಲ್ಲ. ಆ ಹುಡುಗಿ ಅರ್ಧ ಗಂಟೆ ತಿಂಗಳು ತಿಂಗಳ ಅಸಲು ಇಳಿಸುತ್ತ ಬರೆದಳು, ಒಂಬತ್ತನೇ ತಿಂಗಳಿಗೆ ಪೆನ್ನು ಕೆಳಗಿಟ್ಟು "ಹಿಂಗೂ ಮಾಡ್ತಾರೇನ್ರಿ?" ಅಂದಳು.

ರಿಸರ್ವ್ ಬ್ಯಾಂಕು 2024ರ ಅಕ್ಟೋಬರ್ 1ರಿಂದ ಬೈಕು, ಮನೆ ಅಂತ ಜನ ತೆಗೆಯುವ ಹೊಸ ಚಿಲ್ಲರೆ ಸಾಲಗಳಿಗೆ ಒಂದು ಮುಖ್ಯಾಂಶ ಪತ್ರ ಕಡ್ಡಾಯ ಮಾಡಿದೆ. ಬಡ್ಡಿ, ಶುಲ್ಕ, ವಿಮೆ ಎಲ್ಲ ಸೇರಿ ವರ್ಷಕ್ಕೆ ನಿಜವಾಗಿ ಎಷ್ಟು ಬೀಳುತ್ತದೆ ಅನ್ನೋ ಒಂದು ಅಂಕಿ ಅದರಲ್ಲಿ ಇರಲೇಬೇಕು, ಅದೂ ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ. ಅಂದರೆ ನಮಗೆ ಕನ್ನಡದಲ್ಲಿ ಕೇಳುವ ಹಕ್ಕಿದೆ. ಹಕ್ಕು ಇದೆ ಅಂತ ತಿಳಿದವರು ಕೇಳುತ್ತಾರೆ. ಕಿರು ಸಾಲದ ವಸೂಲಿ ಹಾವಳಿ ಎಷ್ಟು ಮಿತಿ ಮೀರಿತು ಅಂದರೆ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಒಂದು ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು ಅಂತ ರಿಸರ್ವ್ ಬ್ಯಾಂಕು ಕಿರು ಸಾಲ ಕೊಡುವವರಿಗೆ 2022ರಲ್ಲೇ ಮಿತಿ ಹಾಕಿತ್ತು. ಆ ಅರ್ಧದ ಲೆಕ್ಕ ಮನೆಯಲ್ಲಿ ಹಾಕುವವರು ಯಾರು? ಮತ್ತೆ ಆ ಎಂಟನೇ ಕ್ಲಾಸಿನ ಹುಡುಗಿಯೇ.

ಬೇರೆಯವರ ಮಕ್ಕಳ ಬಗ್ಗೆ ಇಷ್ಟು ಬರೆದ ಮೇಲೆ ನನ್ನ ದಡ್ಡತನವನ್ನೂ ಹೇಳಬೇಕು. 1998ರಲ್ಲಿ ಗೆಳೆಯನೊಬ್ಬ ಒಂದು ಪತ್ತಿನ ಸಂಘದಲ್ಲಿ 40,000 ಸಾಲ ತೆಗೆದ. ಜಾಮೀನು ಸಹಿ ಬೇಕು ಅಂದ. ನಾನು ಹಾಕಿದೆ. ದಿನಾ ನೂರು ಜನರ ಲೆಕ್ಕ ಬರೆಯುವ ಕೈ, ಆ ಫಾರಂ ಓದಲಿಲ್ಲ. ಜಾಮೀನು ಅಂದರೆ ಸಾಕ್ಷಿ ಅಂತ ತಿಳಿದಿದ್ದೆ, ಮದುವೆ ಮಾತುಕತೆಗೆ ನಾಲ್ಕು ಜನ ಕೂತಿರುತ್ತಾರಲ್ಲ, ಹಾಗೆ. ಗೆಳೆಯ ಎರಡು ಕಂತು ಕಟ್ಟಿ ಪುಣೆಗೆ ದುಡಿಯಲಿಕ್ಕೆ ಹೋದ. ನೋಟಿಸು ಅಂಗಡಿ ವಿಳಾಸಕ್ಕೆ ಬಂತು, ಸಾವ್ಕಾರರ ಕೈಗೇ ಸಿಕ್ಕಿತು. ಅವರು ಏನೂ ಅನ್ನಲಿಲ್ಲ, ಕನ್ನಡಕದ ಮೇಲಿಂದ ನೋಡಿ ಕಾಗದ ನನ್ನ ಡೆಸ್ಕಿನ ಮೇಲೆ ಇಟ್ಟರು. ಅದಕ್ಕಿಂತ ಎರಡು ಏಟು ಹೊಡೆದಿದ್ದರೆ ಚೊಲೋ ಇತ್ತು. ಸಂಘಕ್ಕೆ ಹೋಗಿ "ಮೊದಲು ಅವನ್ನ ಹುಡುಕ್ರಿ, ಸಿಗದಿದ್ರ ನನ್ನ ಕೇಳ್ರಿ" ಅಂತ ವಾದ ಮಾಡಿದೆ. ಕಾರ್ಯದರ್ಶಿ ನಕ್ಕರು. 1872ರ ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ, ಕರಾರಿನಲ್ಲಿ ಬೇರೆ ಬರೆದಿಲ್ಲದಿದ್ದರೆ, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ಅವನನ್ನು ಬಿಟ್ಟು ಸೀದಾ ನನ್ನನ್ನೇ ಹಿಡಿಯಬಹುದು. ಮೂರು ವರ್ಷದಲ್ಲಿ 61,000 ಕಟ್ಟಿದೆ. ಆಗ ನನ್ನ ತಿಂಗಳ ಪಗಾರ 2,800 ಇತ್ತು. ಮನೆಯವಳ ಕಿವಿಯ ಝುಮಕಿ ಹೋದದ್ದು ಆ ಲೆಕ್ಕದಲ್ಲಿ. ಹತ್ತನೇ ಕ್ಲಾಸಿನಲ್ಲಿ ಯಾರಾದರೂ ಒಂದೇ ಸಾಲು, ಜಾಮೀನು ಸಹಿ ಅಂದರೆ ಸಾಲ ನೀನೇ ತೆಗೆದಂತೆ ಅಂತ ಹೇಳಿದ್ದರೆ ಸಾಕಿತ್ತು.

ಈಗ ನಿಮ್ಮ ಇಲಾಖೆ ಚೆನ್ನಾಗಿ ಮಾಡುತ್ತಿರುವ ಒಂದು ಕೆಲಸ. ಮಕ್ಕಳ ಸಂತೆ. ನಮ್ಮ ಓಣಿಯ ಸರ್ಕಾರಿ ಶಾಲೆಯಲ್ಲಿ ಆದಾಗ ಹೋಗಿ ಬಂದೆ. ಅಂಗಳದ ತುಂಬ ಮೆಂತ್ಯ, ಹುಣಚಿಕ್ಕು, ಸೌತೆ, ಶೇಂಗಾ ಉಂಡೆ. ಮಕ್ಕಳು ಕೂಗಿ ಕೂಗಿ ಮಾರುತ್ತಿದ್ದರು. ಒಬ್ಬ ಹುಡುಗ ಸುಸಲಾ (ಮಂಡಕ್ಕಿ ಒಗ್ಗರಣೆ), ಮಿರ್ಚಿ ಇಟ್ಟಿದ್ದ. ಅವನ ಅವ್ವ ಅಪ್ಪನದು ಬಸ್ ಸ್ಟ್ಯಾಂಡ್ ಕಡೆ ಬಂಡಿ ಇದೆ. ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಸಾಹೇಬರು ಬಂದರು, ಫೋಟೊ ಆಯಿತು, ಮಧ್ಯಾಹ್ನ ಸಂತೆ ಮುಗಿಯಿತು. ಮಾರನೇ ದಿನ ಗಣಿತ ಪಿರಿಯಡ್ಡಿನಲ್ಲಿ ಬೇರೆ ಪಾಠ. ಹೊಲ ಉತ್ತು, ಬಿತ್ತಿ, ಬೆಳೆಸಿ, ರಾಶಿ ಮಾಡದೆ ಬಂದ ಹಾಗೆ ಆಯಿತು.

ಆ ಸುಸಲಾ ಹುಡುಗನನ್ನು ನಾನು ಕೇಳಿದ್ದೆ, ನಿಮ್ಮ ಬಂಡಿ ಹೇಗೆ ನಡೆಯುತ್ತದೆ ಅಂತ. "ದಿನಕ್ಕ ಮೂರು ಸಾವಿರ ಗಳಿಸ್ತೀವ್ರಿ" ಅಂದ. ಅದು ಗಲ್ಲಾ, ಪೆಟ್ಟಿಗೆಗೆ ಬಿದ್ದ ಒಟ್ಟು ರೊಕ್ಕ. ಗಳಿಕೆ ಅಲ್ಲ. ಮಂಡಕ್ಕಿ, ಕಡ್ಲಿಹಿಟ್ಟು, ಎಣ್ಣೆ, ಮೆಣಸಿನಕಾಯಿ, ಉಳ್ಳಾಗಡ್ಡಿ ಸೇರಿ 1,650. ಗ್ಯಾಸು 250. ಜಾಗದ ಬಾಡಿಗೆ 100. ಎರಡು ಸಾವಿರ ಹೋಯಿತು. ಬಂಡಿ, ಬಾಣಲೆ, ಒಲೆ ಸೇರಿ 45,000 ಬಿದ್ದಿದೆ, ಐದು ವರ್ಷ ಬಾಳಿಕೆ ಬರುತ್ತದೆ ಅಂತ ಹಿಡಿದರೆ, ವರ್ಷಕ್ಕೆ ಮುನ್ನೂರು ದಿನ ವ್ಯಾಪಾರ, ದಿನಕ್ಕೆ 30 ರೂಪಾಯಿ ಬಂಡಿಯೇ ಸವೆಯುತ್ತದೆ. ಇದೇ ಪುಸ್ತಕದ ಸವಕಳಿ. ಮಳೆ ಬಂದು ಗಿರಾಕಿ ಬರದಿದ್ದರೂ ಜಾಗದ ಬಾಡಿಗೆ ಬಿಡುವುದಿಲ್ಲ, ಎಣ್ಣೆಯ ಖರ್ಚು ಮಾತ್ರ ಕಡಿಮೆ ಆಗುತ್ತದೆ. ಇದೇ ಸ್ಥಿರ ವೆಚ್ಚ, ಬದಲಾಗುವ ವೆಚ್ಚ. ಉಳಿದದ್ದು 970. ಇದರಲ್ಲಿ ಅವ್ವ ಅಪ್ಪ ಇಬ್ಬರ ಹನ್ನೆರಡು ತಾಸಿನ ದುಡಿಮೆ ಸೇರಿದೆ. ಇಬ್ಬರೂ ಬೇರೆ ಕಡೆ ಕೂಲಿಗೆ ಹೋಗಿದ್ದರೆ ಎಷ್ಟು ಬರುತ್ತಿತ್ತು? ಹುಡುಗ ಸ್ವಲ್ಪ ಯೋಚನೆ ಮಾಡಿ, "ಹಂಗಾರ ಲಾಭ ಭಾಳ ಇಲ್ಲ ಬಿಡ್ರಿ, ಆದ್ರ ಯಾರ ಕೈಕೆಳಗೂ ಇಲ್ಲ" ಅಂದ. ಒಂದು ಕೆಲಸ ಹಿಡಿದು ಬಿಟ್ಟುಕೊಟ್ಟ ಇನ್ನೊಂದರ ಗಳಿಕೆ, ಅಂದರೆ ಅವಕಾಶ ವೆಚ್ಚದ ಪಾಠಕ್ಕೆ ಇದಕ್ಕಿಂತ ಒಳ್ಳೆ ಉತ್ತರ ಕಾಲೇಜಿನಲ್ಲೂ ನಾನು ಕೇಳಿಲ್ಲ.

ಬೇಡಿಕೆ ಪೂರೈಕೆ ಪಾಠಕ್ಕೆ ನಮ್ಮ ಪುಸ್ತಕಗಳಲ್ಲಿ ಸೇಬು, ಪೆನ್ನು ಬರುತ್ತವೆ. ತೊಗರಿ ಕಣಜ ಅಂತ ಹೆಸರಾದ, 2019ರಲ್ಲಿ ತೊಗರಿ ಬೇಳೆಗೆ ಊರಿನ ಹೆಸರಿನ ಗುರುತಾದ ಜಿಐ ಟ್ಯಾಗ್ ಪಡೆದ ಜಿಲ್ಲೆಯಲ್ಲಿ ಸೇಬು! 2015ರಲ್ಲಿ ತೊಗರಿ ಬೇಳೆ ಎಷ್ಟೋ ಊರುಗಳಲ್ಲಿ ಕೆಜಿಗೆ 200 ಮುಟ್ಟಿತು. 2016ರ ಜುಲೈಯಲ್ಲಿ ಕೇಂದ್ರ ಸರ್ಕಾರ ಮೊಜಾಂಬಿಕ್ ದೇಶದ ಜೊತೆ ಆಮದಿನ ಒಪ್ಪಂದ ಮಾಡಿಕೊಂಡಿತು. ಅದೇ ಮುಂಗಾರಿಗೆ ನಮ್ಮವರೂ ಹೆಸರು, ಉದ್ದು ಬಿಟ್ಟು ತೊಗರಿ ಬಿತ್ತಿದರು. ಮಳೆಯೂ ಕೈ ಹಿಡಿಯಿತು. 2017ರ ಜನವರಿ ಹೊತ್ತಿಗೆ ಗಂಜಿನಲ್ಲಿ ಚೀಲ ಇಡಲು ಜಾಗ ಇಲ್ಲ. ಬೋನಸ್ ಸೇರಿ ಬೆಂಬಲ ಬೆಲೆ 5,050, ಮಾರುಕಟ್ಟೆಯ ದರ ಅದಕ್ಕೂ ಕೆಳಗೆ. ಹೋದ ವರ್ಷದ ಬೆಲೆ ನೋಡಿ ಈ ವರ್ಷ ಬಿತ್ತುತ್ತಾರೆ, ಎಲ್ಲರೂ ಬಿತ್ತಿದ್ದಕ್ಕೆ ಬೆಲೆ ಬೀಳುತ್ತದೆ, ಬಿದ್ದದ್ದಕ್ಕೆ ಮುಂದಿನ ವರ್ಷ ಬಿಡುತ್ತಾರೆ, ಬಿಟ್ಟದ್ದಕ್ಕೆ ಮತ್ತೆ ಏರುತ್ತದೆ. ಅರ್ಥಶಾಸ್ತ್ರಜ್ಞ ನಿಕೋಲಸ್ ಕಾಲ್ಡರ್ 1934ರಲ್ಲಿ ಇದಕ್ಕೆ ಜೇಡರ ಬಲೆಯ ಹೆಸರು ಕೊಟ್ಟರು. ನಕ್ಷೆಯಲ್ಲಿ ಗೆರೆ ಎಳೆದರೆ ಬಲೆಯ ಹಾಗೇ ಸುತ್ತುತ್ತದೆ. ನಮ್ಮ ಸಾವ್ಕಾರರು ಕಾಲ್ಡರ್ ಹೆಸರು ಕೇಳಿದವರಲ್ಲ. "ಮಂದಿ ಬಿತ್ತಿದ್ದು ಬಿತ್ತಬ್ಯಾಡ" ಅಂತ ಅವರು ರೈತರಿಗೆ ಹೇಳುತ್ತಿದ್ದರು. ಆದರೆ ಗಿಡ ಒಣಗಿಸುವ ನೆಟೆ ರೋಗ ಬಂದ ವರ್ಷ, ಆಮದು ಬಾಗಿಲು ತೆರೆದ ವರ್ಷ ಆ ಮಾತೂ ಕೆಲಸಕ್ಕೆ ಬರಲಿಲ್ಲ. 2024ರಲ್ಲಿ ಕ್ವಿಂಟಲ್ಲಿಗೆ ಹತ್ತು ಸಾವಿರ ದಾಟಿದ್ದ ತೊಗರಿ ಮರುವರ್ಷದ ಸುಗ್ಗಿಗೆ ಏನಾಯಿತು ಅಂತ ಮೇಲಿನ ಪಟ್ಟಿಯಲ್ಲೇ ಇದೆ.

ಅದೇ ಪಟ್ಟಿಯ ತೊಗರಿಯನ್ನು ಮಿಲ್ಲಿಗೆ ಹಾಕೋಣ. ಒಂದು ಕ್ವಿಂಟಲ್ಲಿಗೆ 70ರಿಂದ 75 ಕೆಜಿ ಬೇಳೆ ಬೀಳುತ್ತದೆ. 72 ಅಂತ ಹಿಡಿದರೆ 7,200ರ ತೊಗರಿಯ ಬೇಳೆ ಕೆಜಿಗೆ ನೂರು ರೂಪಾಯಿ ಆಯಿತು, ಅದೂ ಕರೆಂಟು, ಕೂಲಿ, ಚೀಲ, ಲಾರಿ ಹಿಡಿಯದೆ. ಹೊಟ್ಟು, ನುಚ್ಚು ಮಾರಿ ಸ್ವಲ್ಪ ವಾಪಸು ಬರುತ್ತದೆ. "ರೈತಗ ಎಪ್ಪತ್ತೆರಡು, ಅಂಗಡ್ಯಾಗ ನೂರಾ ಮೂವತ್ತು, ನಡುವಿಂದೆಲ್ಲ ದಲಾಲಿ ತಿಂದ" ಅನ್ನುವ ಮಾತು ಎಷ್ಟು ನಿಜ, ಎಷ್ಟು ಅಲ್ಲ ಅಂತ ಏಳನೇ ಕ್ಲಾಸಿನ ಮಗುವೂ ತೆಗೆಯಬಹುದಾದ ಲೆಕ್ಕ ಇದು. ಶಾಲೆ ಎಲ್ಲಿದೆಯೋ ಅಲ್ಲಿಂದ ಪಾಠ ಎತ್ತಿಕೊಳ್ಳಲಿ. ಬೀದರದಲ್ಲಾದರೆ ಬಿದ್ರಿ ಕೆಲಸದ ಮನೆಗಳಿವೆ: ಸತು, ತಾಮ್ರ, ಬೆಳ್ಳಿಯ ದರ ಏರಿದಾಗ ಒಂದು ಹೂದಾನಿಯ ಬೆಲೆ ಹೇಗೆ ಕಟ್ಟುತ್ತಾರೆ ಅಂತ ಮಕ್ಕಳು ಹೋಗಿ ಕೇಳಿ ಬರಲಿ. ವ್ಯಾಪಾರಕ್ಕೆ ಅಂತ ಇರಾನಿನಿಂದ ಬಂದ ಮಹಮೂದ್ ಗವಾನ್ 1472ರಲ್ಲಿ ಮದರಸಾ ಕಟ್ಟಿಸಿದ ಊರು ಅದು, ವ್ಯಾಪಾರಕ್ಕೂ ವಿದ್ಯೆಗೂ ಅಲ್ಲಿ ಹಳೇ ಗುರುತು.

ರೂಪಾಯಿಯ ಬೆಲೆ ಅನ್ನೋದು ಕಲ್ಲಿನ ಮೇಲೆ ಕೊರೆದದ್ದಲ್ಲ ಅಂತ ನನಗೆ ಮೊದಲು ಹೇಳಿದವರು ನಮ್ಮ ಮುತ್ಯಾ, ಅಂದರೆ ಅಜ್ಜ. ನಿಜಾಮರ ರೂಪಾಯಿ ಹಾಲಿ ಸಿಕ್ಕಾ ಏಳು ಕೊಟ್ಟರೆ ಬ್ರಿಟಿಷರ ರೂಪಾಯಿ ಕಲ್ದಾರ್ ಆರು ಅಂತ ಅವರ ಬಾಯಲ್ಲಿ ಕೇಳಿದ್ದೇನೆ. ಕಲ್ದಾರ್ ನಡೆಯುತ್ತಿದ್ದ ಸೊಲ್ಲಾಪುರದ ಸಂತೆಗೆ ಹೋಗುವಾಗ ಈ ಲೆಕ್ಕ ತಪ್ಪಿದರೆ ಎತ್ತಿನ ವ್ಯಾಪಾರದಲ್ಲಿ ಲುಕ್ಸಾನು. 1959ರಲ್ಲಿ ಹಾಲಿ ಚಲಾವಣೆ ನಿಂತಿತು. ಈಗಿನ ಮಕ್ಕಳಿಗೆ ವಿನಿಮಯ ದರ ಅಂದರೆ ಡಾಲರು. ಮನೆಯ ಹಿರಿಯರನ್ನು ಕೇಳಿಕೊಂಡು ಬರಲಿಕ್ಕೆ ಹಚ್ಚಿದರೆ ಎಷ್ಟೋ ಮನೆಯಲ್ಲಿ ಆ ನಾಣ್ಯವೇ ಹೊರಗೆ ಬಂದೀತು.

ಉಳಿದವು ಚಿಕ್ಕವು, ಆದರೆ ಬಿಡುವಂತಿಲ್ಲ. ಬ್ಯಾಂಕು ಮುಳುಗಿದರೆ ಒಬ್ಬ ಠೇವಣಿದಾರನಿಗೆ 5 ಲಕ್ಷದ ತನಕ ವಿಮೆ ಇದೆ, ಸಹಕಾರಿ ಬ್ಯಾಂಕಿಗೂ ಇದೆ; ಪತ್ತಿನ ಸಹಕಾರ ಸಂಘಕ್ಕೆ ಆ ವಿಮೆ ಇಲ್ಲ. ಬೋರ್ಡಿನ ಮೇಲೆ ಎರಡೂ ಒಂದೇ ತರಹ ಕಾಣುತ್ತವೆ. ಭೀಶಿಯಲ್ಲಿ, ಅಂದರೆ ಚೀಟಿ ವ್ಯವಹಾರದಲ್ಲಿ, ಮೊದಲೇ ಎತ್ತಿದವನು ಬಿಟ್ಟುಕೊಟ್ಟ ಹಣವೇ ಬಡ್ಡಿ. ಫೋನ್‌ಪೇ, ಗೂಗಲ್‌ಪೇಯಲ್ಲಿ ಪಿನ್ನು ಒತ್ತುವುದು ದುಡ್ಡು ಕೊಡಲಿಕ್ಕೆ, ತೆಗೆದುಕೊಳ್ಳಲಿಕ್ಕೆ ಅಲ್ಲ. ಮೋಸ ಆದರೆ ಕೂಡಲೇ 1930ಕ್ಕೆ ಫೋನು. ಕಾಲೇಜು ಹುಡುಗರಿಗೆ "ನಿನ್ನ ಖಾತೆ ಒಂದು ತಿಂಗಳು ಬಾಡಿಗೆಗೆ ಕೊಡು, ಐದು ಸಾವಿರ ಕೊಡ್ತೀವಿ" ಅನ್ನುವವರು ಬಂದಿದ್ದಾರೆ. ಕಳ್ಳ ದುಡ್ಡು ಆ ಖಾತೆಯಿಂದ ಹಾದು ಹೋಗುತ್ತದೆ, ಪೊಲೀಸರು ಬರುವುದು ಖಾತೆ ಯಾರ ಹೆಸರಿನಲ್ಲಿದೆಯೋ ಅವರ ಮನೆಗೆ. ಇನ್ನು ಮೊಬೈಲಿನಲ್ಲಿ ಷೇರಿನ ದರ ಏರುತ್ತದೋ ಇಳಿಯುತ್ತದೋ ಅಂತ ಆಪ್ಷನ್ನು ಆಡುವವರು ಈಗ ಗಂಜಿನ ಹಮಾಲರಲ್ಲೂ ಇದ್ದಾರೆ. ಮೂರು ವರ್ಷದ ಲೆಕ್ಕ ತೆಗೆದು ಷೇರುಪೇಟೆಯ ನಿಯಂತ್ರಕ ಸೆಬಿಯೇ 2024ರ ಸೆಪ್ಟೆಂಬರಿನಲ್ಲಿ ಹೇಳಿದೆ: ಫ್ಯೂಚರ್ಸ್, ಆಪ್ಷನ್ಸ್ ಆಡಿದ ಸಾಮಾನ್ಯ ಜನರಲ್ಲಿ ನೂರಕ್ಕೆ 93 ಜನ ಕಳೆದುಕೊಂಡಿದ್ದಾರೆ. ಈ ಒಂದು ಅಂಕಿಯನ್ನು ಪಿಯು ಕಾಲೇಜುಗಳ ನೋಟಿಸ್ ಬೋರ್ಡಿಗೆ ಹಚ್ಚಿದರೂ ಸಾಕು.

ಹಣಕಾಸು ಸಾಕ್ಷರತಾ ಸಪ್ತಾಹ ಅಂತ ರಿಸರ್ವ್ ಬ್ಯಾಂಕು ನಡೆಸುತ್ತದಲ್ಲ ಅನ್ನಬಹುದು. ನಡೆಸುತ್ತದೆ, ಸಾಮಾನ್ಯವಾಗಿ ಫೆಬ್ರವರಿಯಲ್ಲಿ. ಹತ್ತನೇ ತರಗತಿಯ ಮಕ್ಕಳು ಪೂರ್ವಸಿದ್ಧತಾ ಪರೀಕ್ಷೆಯ ನಡುವೆ ತಲೆ ಎತ್ತದ ತಿಂಗಳು ಅದು. ಬ್ಯಾನರ್ ಕಟ್ಟುತ್ತಾರೆ, ಒಂದು ಭಾಷಣ, ಒಂದು ಫೋಟೊ. ಬಂದ ಬ್ಯಾಂಕ್ ಅಧಿಕಾರಿಗಳ ತಪ್ಪಲ್ಲ, ಅವರಿಗೆ ಸಿಗುವುದೇ ಮುಕ್ಕಾಲು ಗಂಟೆ. ಅವರನ್ನೇ ಜುಲೈಯಲ್ಲಿ ಕರೆಸಿ.

ನನ್ನ ಬೇಡಿಕೆ ಹೊಸ ಪುಸ್ತಕ ಅಲ್ಲ, ಹೊಸ ಮೇಷ್ಟರೂ ಅಲ್ಲ. ಮಕ್ಕಳ ಸಂತೆಯ ಮಾರನೇ ದಿನದ ಗಣಿತ ಪಿರಿಯಡ್ಡು ಸಂತೆಯ ಲೆಕ್ಕಕ್ಕೇ ಮೀಸಲು ಅಂತ ನಿಮ್ಮ ವಿಭಾಗದ ಶಾಲೆಗಳಿಗೆ ಒಂದು ಸುತ್ತೋಲೆ ಕಳಿಸಿ. ತಂದ ಮಾಲಿನ ಬೆಲೆ ಎಷ್ಟು, ಮಾರಿದ್ದು ಎಷ್ಟು, ಕೆಟ್ಟದ್ದು ಎಷ್ಟು, ಉದ್ರಿ ಹೋದದ್ದು ಎಷ್ಟು, ಯಾರು ಇನ್ನೂ ಕೊಟ್ಟಿಲ್ಲ. ಎಂಟನೇ ತರಗತಿಯಿಂದ ಮೇಲೆ ತಿಂಗಳಿಗೆ ಒಂದು ಪಿರಿಯಡ್ಡು ಒಂದು ಕಾಗದಕ್ಕೆ: ಜುಲೈಯಲ್ಲಿ ಪಾಸ್‌ಬುಕ್ಕು, ಆಗಸ್ಟಿನಲ್ಲಿ ಬೆಳೆ ವಿಮೆಯ ರಸೀದಿ, ಆಮೇಲೆ ಸಂಘದ ಕಂತಿನ ಕಾರ್ಡು, ಕರೆಂಟ್ ಬಿಲ್ಲು, ಜನವರಿಯಲ್ಲಿ ಗಂಜಿನ ಪಟ್ಟಿ. ಬೆಳೆ ವಿಮೆಗೆ ಮುಂಗಾರಿನಲ್ಲಿ ರೈತ ಕಟ್ಟುವುದು ವಿಮಾ ಮೊತ್ತದ ನೂರಕ್ಕೆ ಎರಡು, ಉಳಿದ ಕಂತು ಸರ್ಕಾರಗಳದ್ದು ಅನ್ನುವುದು ಆ ರಸೀದಿಯಲ್ಲೇ ಇರುತ್ತದೆ. ಹತ್ತು ವರ್ಷ ತುಂಬಿದ ಮಗು ಬ್ಯಾಂಕಿನಲ್ಲಿ ತನ್ನದೇ ಉಳಿತಾಯ ಖಾತೆ ನಡೆಸಲು ರಿಸರ್ವ್ ಬ್ಯಾಂಕಿನ ಅಡ್ಡಿ ಇಲ್ಲ. ಸಂತೆಯಲ್ಲಿ ಗಳಿಸಿದ ನಲವತ್ತು ರೂಪಾಯಿ ಅಲ್ಲಿಗೆ ಹೋಗಲಿ.

ಒಂದು ಎಚ್ಚರಿಕೆ ಮಾತ್ರ ಕೈ ಮುಗಿದು ಹೇಳುತ್ತೇನೆ. ಮಕ್ಕಳಿಗೆ ಅವರವರ ಮನೆಯ ಸಾಲದ ಕಾಗದ ತರಲಿಕ್ಕೆ ಹೇಳಬೇಡಿ. ಹಿಂದೊಮ್ಮೆ ನಾನೇ ಈ ತಪ್ಪು ಮಾಡಿದ್ದೇನೆ. ಓಣಿಯ ಮಕ್ಕಳಿಗೆ ರಜೆಯಲ್ಲಿ ಲೆಕ್ಕ ಹೇಳಿಕೊಡುವಾಗ ಒಬ್ಬ ಹುಡುಗಿ ಮನೆಯ ಮೂರು ಕಾರ್ಡು ತಂದಳು. ಎಲ್ಲರೆದುರು ಕೂಡಿಸಿದೆವು. ಮೊತ್ತ ಬಂದ ಮೇಲೆ ಅವಳು ಎರಡು ದಿನ ಬರಲಿಲ್ಲ. ಅವಳ ಅಪ್ಪ ನನ್ನನ್ನು ಬೈಯಲಿಲ್ಲ, ದಾರಿಯಲ್ಲಿ ಸಿಕ್ಕಾಗ ಮುಖ ಬೇರೆ ಕಡೆ ಮಾಡಿದರು. ಹೆಸರು ಅಳಿಸಿದ ಮಾದರಿ ಕಾಗದವೇ ಸಾಕು. ಮನೆಯ ಕಾಗದವನ್ನು ಮಗು ಮನೆಯಲ್ಲೇ ಓದಿಕೊಳ್ಳುತ್ತದೆ, ಯಾರಿಗೂ ಹೇಳದೆ.

ಅಂಥ ಮಾದರಿ ಕಾಗದಗಳು ನನ್ನ ಹತ್ತಿರ ಒಂದು ಟ್ರಂಕಿನ ತುಂಬ ಇವೆ. ಕೆಲಸ ಬಿಡುವಾಗ ಸಾವ್ಕಾರರನ್ನು ಕೇಳಿ, ಹೆಸರಿನ ಮೇಲೆ ಕಾಗದ ಅಂಟಿಸಿ, ಇಪ್ಪತ್ತು ವರ್ಷದ ಪಟ್ಟಿಗಳ ಜೆರಾಕ್ಸ್ ಮಾಡಿಸಿಕೊಂಡಿದ್ದೇನೆ. ಮೋಡಿ ಅನ್ನೋ ಹಳೇ ಲಿಪಿಯಲ್ಲಿ ಬರೆದ ಒಂದು ಹಳೇ ಕಿರ್ದಿಯೂ ಇದೆ, ಓದಲು ಬರುವವರು ಈಗ ಗಂಜಿನಲ್ಲಿ ಇಬ್ಬರೇ. ಕಲಬುರಗಿ ತಾಲೂಕಿನ ಯಾವ ಶಾಲೆಯವರು ಕರೆದರೂ ಬರುತ್ತೇನೆ. ಮಂಗಳವಾರ ಒಂದು ಬಿಟ್ಟು, ಅವತ್ತು ದವಾಖಾನೆಗೆ ಹೋಗಬೇಕಾಗುತ್ತದೆ. ಬಸ್ ಖರ್ಚು ಬೇಡ. ಬೋರ್ಡು, ಒಂದು ಡಬ್ಬಿ ಸುಣ್ಣದ ಕಡ್ಡಿ, ಮತ್ತೆ ಮುಂದಿನ ಬೆಂಚಿನಲ್ಲಿ ಹೆಣ್ಣುಮಕ್ಕಳನ್ನು ಕೂಡಿಸಿರಿ.

ಇತಿ ತಮ್ಮ ವಿಶ್ವಾಸಿ,
ಗಂಜಿನ ಒಬ್ಬ ನಿವೃತ್ತ ಗುಮಾಸ್ತ
ಕಲಬುರಗಿ